ಸಿಪಾಯಿಗಳ ಸಂಘಕ್ಕೆ ನಾನು ಸದಸ್ಯಳಾದ ಮೇಲೆ

ಸಿಪಾಯಿಗಳ ಸಂಘವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ರಸ್ತೆಯ ಧೂಳಿನಲ್ಲಿ ಬಿದ್ದುಕೊಂಡು. ನನ್ನ ತುರುಬು ಮೈದುನನ ಮುಷ್ಟಿಯಲ್ಲಿತ್ತು. ಗದಗಿನಿಂದ ಬೆಟಗೇರಿಗೆ ಹೋಗುವ ದಾರಿ ಅದು. ಹಾಡುಹಗಲು. ಸಂತೆಗೆ ಬಂದ ಜನ ಚೀಲ ಕೆಳಗಿಟ್ಟು ನಿಂತು ನೋಡುತ್ತಿದ್ದರು. ಮನೆಯ ಜಗಳ, ನಮಗ್ಯಾಕೆ ಎಂದು ಯಾರೂ ಮುಂದೆ ಬರಲಿಲ್ಲ.

ಗಂಡ ಬರ್ಮಾದ ಯುದ್ಧದಲ್ಲಿ ಸತ್ತಿದ್ದ. ಅವನ ಹೆಣವನ್ನು ನಾನು ನೋಡಲಿಲ್ಲ. ಮಣ್ಣು ಮಾಡಿದರೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಸಿಪಾಯಿಯ ಹೆಂಡತಿಗೆಂದು ಸರಕಾರ ಕೊಡುತ್ತಿದ್ದ ಪಿಂಚಣಿಗಾಗಿ ಮೈದುನ ನನ್ನನ್ನು ಕುರ್ತಕೋಟಿಯಿಂದ ಚಕ್ಕಡಿಯಲ್ಲಿ ಕರೆತಂದು, ಮಾಮಲೇದಾರ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿ, ಹೊರಗೆ ಬಂದ ಕೂಡಲೇ ಕೈಯಿಂದ ಹಣ ಕಿತ್ತುಕೊಳ್ಳುತ್ತಿದ್ದ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೂ ಸಹಿ ಮಾಡುವಂತಿರಲಿಲ್ಲ. ಸಹಿ ಮಾಡಿದ ಹೆಣ್ಣು ನಾಳೆ ಎದುರು ಮಾತಾಡುತ್ತಾಳೆ ಎಂಬ ಭಯ ಅವನಿಗೆ. ಆ ದಿನ ನಾನು ಲೇಖಣಿ ಕೇಳಿ ಪಡೆದು ಸಹಿ ಮಾಡಿದೆ. ಹೊರಗೆ ಬಂದು, ಇನ್ನು ಊರಿಗೆ ಬರುವುದಿಲ್ಲ, ಬೆಟಗೇರಿಯ ಸೋದರತ್ತೆಯ ಮನೆಯಲ್ಲಿ ಇರುತ್ತೇನೆ ಎಂದೆ. ಅವನು ಕೆನ್ನೆಗೆ ಹೊಡೆದ. ನಾನು ನಡೆಯುತ್ತಲೇ ಹೋದೆ. ಬೆನ್ನಿಗೆ ಒದ್ದ. ಬಿದ್ದವಳ ತುರುಬು ಹಿಡಿದು ಚಕ್ಕಡಿಯ ಕಡೆಗೆ ಎಳೆಯತೊಡಗಿದ.

ಆಗ ಸಂಘದ ಕಟ್ಟಡದಿಂದ ಅದರ ಅಧ್ಯಕ್ಷರಾದ ಸುಬೇದಾರರು ಇಳಿದು ಬಂದರು. ಎತ್ತರದ ಮುದುಕ, ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೈಯಲ್ಲಿ ಬೆತ್ತ. ಬಂದವರೇ ಮೈದುನನ ಮೊಣಕಾಲಿನ ಕೆಳಗೆ ಹೊಡೆದರು. ಅವನು ನನ್ನನ್ನು ಬಿಟ್ಟು ಕುಸಿದ. ಕುಸಿದವನ ಬೆನ್ನು, ಭುಜ, ಅಡ್ಡ ಹಿಡಿದ ಮುಂಗೈ, ಎಲ್ಲೆಂದರಲ್ಲಿ ಹೊಡೆದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವನು ಅಂಬೆಗಾಲಿಟ್ಟು ಚಕ್ಕಡಿ ಹತ್ತುವವರೆಗೆ ಬೆತ್ತ ನಿಲ್ಲಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನಷ್ಟು ಹೊಡೆಯಲಿ ಎಂದೇ ನೋಡುತ್ತಿದ್ದೆ.

“ಸಿಪಾಯಿ ಹೇಂತಿ ಮ್ಯಾಲ ಕೈ ಮಾಡಿದ್ರ ದಂಡಿನ ಮ್ಯಾಲ ಕೈ ಮಾಡಿದಂಗ” ಎಂದರು ಸುಬೇದಾರರು. “ಏಳು ತಂಗಿ.”

ಅವರ ಹಿಂದೆ ಬಂದ ಇನ್ನೊಬ್ಬ ಮುದುಕರು ತಂಬಿಗೆಯಲ್ಲಿ ನೀರು ತಂದರು. ಲಕ್ಷ್ಮೇಶ್ವರದ ಮುಸಲ್ಮಾನರು. ಮೊದಲನೇ ಮಹಾಯುದ್ಧದಲ್ಲಿ ಬಸರಾದಲ್ಲಿ ದಂಡಿನ ಕುದುರೆಗಳ ಗೊರಸಿಗೆ ನಾಲು, ಅಂದರೆ ಲಾಳ ಕಟ್ಟಿದವರು. ಹವಾಲ್ದಾರರಾಗಿ ನಿವೃತ್ತರಾದರೂ ಎಲ್ಲರೂ ನಾಲಬಂದ ಕಾಕಾ ಎಂದೇ ಕರೆಯುತ್ತಿದ್ದರು. ಅವರೂ ಸುಬೇದಾರರೂ ಒಂದೇ ಹಡಗಿನಲ್ಲಿ ಹೋಗಿ ಒಂದೇ ಹಡಗಿನಲ್ಲಿ ಬಂದವರು. ಬಂದ ಮೇಲೆ ಉಳಿದ ಸಿಪಾಯಿಗಳನ್ನು ಕೂಡಿಸಿ ಸಂಘ ಕಟ್ಟಿದವರೂ ಅವರೇ. ಪಿಂಚಣಿಗೆ ದೂರದಿಂದ ಬಂದವರಿಗೆ ಮಲಗಲು ಜಾಗ, ಬೇನೆ ಬಿದ್ದವರಿಗೆ ಔಷಧ, ಸತ್ತವರಿಗೆ ಹೆಗಲು ಕೊಡುವ ಜನ, ಇಷ್ಟು ಸಂಘದ ಕೆಲಸ. ನಾನು ನೀರು ಕುಡಿದು ನೆರಳಿಗೆಂದು ಮೆಟ್ಟಿಲು ಹತ್ತಲು ಹೋದೆ. ಸುಬೇದಾರರು ಅದೇ ಬೆತ್ತವನ್ನು ಅಡ್ಡ ಹಿಡಿದರು. ಹೆಣ್ಣುಮಕ್ಕಳು ಮೇಲೆ ಬರುವಂತಿಲ್ಲ, ಇದು ದಂಡಿನ ಜಾಗ ಎಂದರು.

ನಾನು ಕೆಳಗೆ ಕುಳಿತೆ. ಮರುದಿನದಿಂದ ಅಲ್ಲೇ ಬೇವಿನ ಮರದ ಕೆಳಗೆ ಕುಳಿತು, ಓದು ಬರಹ ಬಾರದ ಪಿಂಚಣಿದಾರರಿಗೆ, ನನ್ನಂಥ ವಿಧವೆಯರಿಗೆ ಅರ್ಜಿ ಬರೆದುಕೊಡತೊಡಗಿದೆ. ಸುಬೇದಾರರು ಬೇಡ ಅನ್ನಲಿಲ್ಲ. ಮಳೆ ಬಂದ ದಿನ ಮಾತ್ರ ಕಟ್ಟೆಯ ಅಂಚಿನಲ್ಲಿ ಕೂರಲು ಬಿಟ್ಟರು.

ಸ್ವಾತಂತ್ರ್ಯ ಬಂದ ವರ್ಷವೇ ಮುಂಡರಗಿಯವನು ಬಂದ. ಮೂವತ್ತು ದಾಟದ, ಕಟ್ಟುಮಸ್ತಾದ ಆಳು. ಸಿಂಗಾಪುರದಲ್ಲಿ ಜಪಾನಿಗಳಿಗೆ ಸೆರೆಸಿಕ್ಕು, ಆಮೇಲೆ ಇಂಗ್ಲಿಷರ ವಿರುದ್ಧವೇ ನಮ್ಮವರು ಅಲ್ಲಿ ಕಟ್ಟಿದ ದಂಡನ್ನು ಸೇರಿದ್ದವನು. ಯುದ್ಧ ಮುಗಿದ ಮೇಲೆ ಸರಕಾರ ಅವನನ್ನು ಕೆಲವು ಕಾಲ ಬಂದೀಖಾನೆಯಲ್ಲಿಟ್ಟು ಪಿಂಚಣಿಯಿಲ್ಲದೆ ಹೊರಹಾಕಿತ್ತು. ಸಂಘಕ್ಕೆ ಸೇರಿಸಿಕೊಳ್ಳಿರಿ ಎಂದು ಕೇಳಲು ಬಂದಿದ್ದ. ಕಟ್ಟೆಯ ಮೇಲೆ ಸುಬೇದಾರರು ಅವನ ಮಾತನ್ನು ಪೂರ್ತಿ ಕೇಳಿದರು. ಕೇಳಿ ಮುಗಿಸಿ ಬೆತ್ತದಿಂದ ಹಣೆಗೆ ಹೊಡೆದರು. ರಕ್ತ ಅವನ ಕಣ್ಣಿಗೆ ಇಳಿಯಿತು. ಇನ್ನೊಮ್ಮೆ ಎತ್ತಿದಾಗ ಅವನು ಬೆತ್ತವನ್ನು ಹಿಡಿದುಕೊಂಡು, ಕಿತ್ತು, ಮೊಣಕಾಲಿಗೆ ಒತ್ತಿ ಮುರಿದು, ಎರಡೂ ತುಂಡುಗಳನ್ನು ಮುದುಕರ ಕೈಗೇ ಕೊಟ್ಟ.

“ನನ್ನ ಮಗ ಬರ್ಮಾದಾಗ ಸತ್ತಾನ” ಎಂದರು ಸುಬೇದಾರರು. “ಎದುರಿಗಿದ್ದವ್ರು ನೀವು.”

“ನಮ್ಮ ಕಡೀನೂ ಸತ್ತಾರ್ರಿ” ಎಂದ ಅವನು. “ಅವರಿಗೂ ಅಪ್ಪ ಅವ್ವ ಇದ್ರು.”

ಅವನು ಹೋದ. ನನ್ನ ಗಂಡನೂ ಬರ್ಮಾದಲ್ಲೇ ಸತ್ತವನು. ಮುಂಡರಗಿಯವನ ಬೆನ್ನು ನೋಡುತ್ತ ನನಗೂ ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟು ಯಾರ ಮೇಲೆ ಎಂದು ಹೇಳಲು ಬರುತ್ತಿರಲಿಲ್ಲ.

ಈ ಸಂಗತಿ ಎಲ್ಲ ಕಡೆ ಹಬ್ಬಿತು. ಎರಡನೇ ಯುದ್ಧದಿಂದ ಮರಳಿ ಬಂದ ಹೊಸಬರು ಮೊದಲೇ ಸಂಘದ ಹಳೆಯ ಕಟ್ಟಳೆಗಳಿಂದ ಬೇಸತ್ತಿದ್ದರು. ಅವರ ಮುಂದಾಳು ಬೆಟಗೇರಿಯ ಒಬ್ಬ ನೇಕಾರ. ಇಟಲಿಯಲ್ಲಿ ಯುದ್ಧ ಮಾಡಿ ಬಂದವನು. ದಿನಾ ಪತ್ರಿಕೆ ಓದುತ್ತಿದ್ದ, ಚೆನ್ನಾಗಿ ಮಾತಾಡುತ್ತಿದ್ದ. ಇಂಗ್ಲಿಷರ ಅರಸ ಹೋದರೂ ಅರಸನ ಪಟ ಯಾಕೆ ಗೋಡೆಯ ಮೇಲಿದೆ, ಒಬ್ಬರೇ ಸಾಯುವವರೆಗೆ ಅಧ್ಯಕ್ಷರಾಗಿರುವುದು ಯಾವ ನ್ಯಾಯ, ಶಿರಹಟ್ಟಿ ಲಕ್ಷ್ಮೇಶ್ವರದ ಕಡೆ ಸಂಸ್ಥಾನಿಕರ ದಂಡಿನಲ್ಲಿ ದುಡಿದವರು ಸಿಪಾಯಿಗಳಲ್ಲವೆ, ಎಂದು ಅವನು ಕೇಳುತ್ತಿದ್ದ. ನನ್ನ ಹತ್ತಿರ ಬಂದು, ಅಕ್ಕಾರ, ನೀವು ಹೊರಗೆ ಕುಂತು ಬರೆಯುವುದು ಸಂಘಕ್ಕೇ ಅವಮಾನ ಎಂದ. ಅಲ್ಲಿಯವರೆಗೆ ಆ ಮಾತನ್ನು ನನಗೆ ಯಾರೂ ಅಂದಿರಲಿಲ್ಲ. ಆ ದಿನ ನಾನು ಮನೆಗೆ ಹೋಗಿ ಸೋದರತ್ತೆಯ ಮುಂದೆ ಅದನ್ನು ಎರಡೆರಡು ಸಲ ಹೇಳಿದೆ.

ವರ್ಷದ ಸಭೆ ಕಾಳಗವಾಯಿತು. ನೇಕಾರ ಹೊಸ ಕಟ್ಟಳೆಗಳನ್ನು ಓದಿದ. ಪ್ರತಿವರ್ಷ ಚುನಾವಣೆ, ವಿಧವೆಯರಿಗೆ ಸದಸ್ಯತ್ವ, ಸಂಸ್ಥಾನದ ಸಿಪಾಯಿಗಳಿಗೂ ಸಿಂಗಾಪುರದ ದಂಡಿನವರಿಗೂ ಜಾಗ, ಸಂಘದ ಹಳೆಯ ಹತಾರು ಇಟ್ಟಿದ್ದ ಕೋಣೆ ಖಾಲಿ ಮಾಡಿ ಸದಸ್ಯರ ಮಕ್ಕಳಿಗೆ ಶಾಲೆ. ಓದುತ್ತಿರುವಾಗಲೇ ಹಳಬನೊಬ್ಬ ಕೂರುವ ಬಾಕನ್ನು ಎಳೆದು ಕೆಡವಿದ. ಹೊಸಬನೊಬ್ಬ ಅವನ ಪೇಟ ಹಾರಿಸಿದ. ಬಾಕಿನ ಕಾಲುಗಳು ಮುರಿದು ಬಡಿಗೆಗಳಾದವು. ಒಬ್ಬೊಬ್ಬರೂ ಕೊಲ್ಲುವುದನ್ನೇ ಕಸುಬಾಗಿ ಕಲಿತವರು. ಅವರ ಹೊಡೆದಾಟದಲ್ಲಿ ಬೈಗುಳ ಇರಲಿಲ್ಲ, ಹಲ್ಲು ಕಚ್ಚಿದ ಉಸಿರು ಮಾತ್ರ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಸೀರೆಯ ಮೇಲೆ ಯಾರದೋ ರಕ್ತ ಚಿಮ್ಮಿತು. ಕೊನೆಗೆ ನಾಲಬಂದ ಕಾಕಾ ಮೇಜಿನ ಮೇಲೆ ಹತ್ತಿ ನಿಂತು, ಸಾಕು, ಕೈ ಎತ್ತಿ ತೀರ್ಮಾನ ಮಾಡೋಣ ಎಂದರು. ಎಣಿಸುವಾಗ ಅವರು ತಮ್ಮ ಕೈಯನ್ನು ಹೊಸ ಕಟ್ಟಳೆಗಳ ಕಡೆಗೆ ಎತ್ತಿದರು. ಅವರನ್ನು ನೋಡಿ ಹಳಬರಲ್ಲಿ ಇನ್ನೂ ಕೆಲವರು ಎತ್ತಿದರು, ಹೊಸ ಕಟ್ಟಳೆಗಳು ಗೆದ್ದವು. ಕಾಕಾನ ಮಗನೂ ಯುದ್ಧದಲ್ಲಿ ಸತ್ತಿದ್ದ. ಸೊಸೆ ಲಕ್ಷ್ಮೇಶ್ವರದ ಮನೆಯಲ್ಲಿದ್ದಳು. ಆಕೆಗೂ ಒಂದು ಜಾಗ ಬೇಕೆಂದು ಎತ್ತಿದೆ ಎಂದು ಆಮೇಲೆ ನನಗೆ ಹೇಳಿದರು.

ಸುಬೇದಾರರು ಗೆಳೆಯನ ಕಡೆ ನೋಡಲೂ ಇಲ್ಲ. ಅಧ್ಯಕ್ಷರ ಕುರ್ಚಿಯಿಂದ ಎದ್ದು, ಹೊರಗಿನ ಕಟ್ಟೆಯ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕುಳಿತರು. ಮರುದಿನವೂ ಬಂದು ಅಲ್ಲೇ ಕುಳಿತರು, ಅದರ ಮರುದಿನವೂ. ನಾನು ಅವರ ಪಕ್ಕದಿಂದಲೇ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆ. ಅವರು ಮುಖ ತಿರುವುತ್ತಿದ್ದರು.

ಅಷ್ಟರಲ್ಲಿ ಗಡಿ ಹೊತ್ತಿಕೊಂಡಿತು. ಮುಂಡರಗಿ ದಾಟಿದರೆ ನಿಜಾಮನ ರಾಜ್ಯ. ನಮ್ಮ ಕಡೆ ಅದಕ್ಕೆ ಮೊಗಲಾಯಿ ಅನ್ನುತ್ತಿದ್ದರು. ದೇಶ ಸ್ವತಂತ್ರವಾದರೂ ಆ ಸೀಮೆ ಭಾರತಕ್ಕೆ ಸೇರಿರಲಿಲ್ಲ. ಅಲ್ಲಿ ನಿಜಾಮನ ಪರವಾಗಿ ಹತಾರು ಹಿಡಿದ ಗುಂಪುಗಳು ಹಳ್ಳಿಗಳನ್ನು ಸುಡುತ್ತಿದ್ದವು. ಜನ ಗಂಟುಮೂಟೆ ಹೊತ್ತು ಈಚೆಗೆ ಓಡಿ ಬಂದರು. ಸಂಘದ ದೊಡ್ಡ ಕೋಣೆಯಲ್ಲಿ ಅವರಿಗೆ ಜಾಗ ಮಾಡಿದೆವು. ಹಿತ್ತಲಲ್ಲಿ ಒಲೆ ಹೂಡಿ ಹಂಡೆಗಟ್ಟಲೆ ಅಂಬಲಿ ಕಾಯಿಸುವುದು ನನ್ನ ಪಾಲಿಗೆ ಬಂತು. ಕೈಬೆರಳು ಕಡಿಸಿಕೊಂಡವರನ್ನು, ಬೆನ್ನು ಸುಟ್ಟವರನ್ನು, ಮಾತೇ ಮರೆತ ಹೆಂಗಸರನ್ನು ನಾನು ನನ್ನ ಕೈಯಿಂದ ತೊಳೆದು ಬಟ್ಟೆ ಕಟ್ಟಿದ್ದೇನೆ. ಒಬ್ಬಾಕೆಯ ಎದೆಯ ಮೇಲಿನ ಗಾಯ ನೋಡಿ ಹೊರಗೆ ಹೋಗಿ ವಾಂತಿ ಮಾಡಿ ಮತ್ತೆ ಒಳಗೆ ಬಂದು ಕಟ್ಟಿದೆ.

ಮುಂಡರಗಿಯವನು ಈಗ ನಮ್ಮ ಸದಸ್ಯ. ಗಡಿಯ ಹಳ್ಳಿಗಳ ಹುಡುಗರಿಗೆ ಬಂದೂಕು ಕಲಿಸಲು ಅವನೂ ನೇಕಾರನೂ ಕೂಡಿಯೇ ಹೋದರು. ನೇಕಾರನ ತಂಗಿಯನ್ನು ಮೊಗಲಾಯಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ಇವರು ಆ ಹಳ್ಳಿ ಮುಟ್ಟುವ ಹೊತ್ತಿಗೆ ಅದು ಬೂದಿಯಾಗಿತ್ತು. ತಂಗಿಯನ್ನು ಬಾವಿಯಿಂದ ಎತ್ತಿದವನು ನೇಕಾರನೇ. ಹೊಟ್ಟೆಯಲ್ಲಿ ಕೂಸಿತ್ತಂತೆ. ಆಕೆಯ ಒಂದು ಕಾಲುಂಗುರ ತಂದು ನನ್ನ ಮುಂದೆ ಇಟ್ಟು, ಗೋಡೆಗೆ ಹಣೆ ಹೊಡೆದುಕೊಳ್ಳುತ್ತ ಅತ್ತ. ಅವನ ತಲೆ ಹಿಡಿದು ನಾನೂ ಅತ್ತೆ. ಆ ದಿನದಿಂದ ಅವನು ಪತ್ರಿಕೆ ಓದುವುದನ್ನು ಬಿಟ್ಟ.

ಆಮೇಲೆ ನಮ್ಮ ಸರಕಾರದ ಸೈನ್ಯ ಮೊಗಲಾಯಿಗೆ ನುಗ್ಗಿತು. ನಿಜಾಮ ಶರಣಾದನೆಂದು ಖಬರು ಬಂತು. ಗದಗಿನಲ್ಲಿ ಸಕ್ಕರೆ ಹಂಚಿದರು. ಇನ್ನು ಮುಗಿಯಿತು ಎಂದು ನಾನು ತಿಳಿದೆ. ಆದರೆ ಸಿಟ್ಟು ಮುಗಿದಿರಲಿಲ್ಲ. ಈಗ ಅದಕ್ಕೆ ಹತ್ತಿರದಲ್ಲೇ ಮನುಷ್ಯರು ಬೇಕಾಗಿದ್ದರು. ಅಲ್ಲಲ್ಲಿ ಮುಸಲ್ಮಾನರ ಮನೆಗಳಿಗೆ ಕಲ್ಲು ಬಿದ್ದವು. ನಾಲಬಂದ ಕಾಕಾ ಸೊಸೆಯನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಸಂಘಕ್ಕೆ ಬಂದರು. ಕಟ್ಟೆಯ ಮೇಲಿದ್ದ ಸುಬೇದಾರರು, ಸಭೆಯ ದಿನದಿಂದ ಅವರೊಡನೆ ಮಾತು ಬಿಟ್ಟಿದ್ದವರು, ಎದ್ದು ಮಕ್ಕಳ ಕೈ ಹಿಡಿದು ತಾವೇ ಒಳಗೆ ಬಿಟ್ಟುಬಂದರು.

ಎರಡನೆಯ ದಿನ ಮಧ್ಯಾಹ್ನ ಗುಂಪು ಬಂತು. ನಾನು ಹಿತ್ತಲಲ್ಲಿ ಅಂಬಲಿ ತಿರುವುತ್ತಿದ್ದೆ. ಗದ್ದಲ ಕೇಳಿ ಓಡಿ ಬಂದು ನೋಡಿದರೆ ರಸ್ತೆ ತುಂಬ ಜನ. ಬಡಿಗೆ, ಕೊಡಲಿ, ಕುಡಗೋಲು. ಮುಂದೆ ನೇಕಾರ. ಅವನ ಹಿಂದೆ ನಮ್ಮ ಸಂಘದ ಹೊಸ ಸದಸ್ಯರೇ ಕೆಲವರು. ಅವರ ತಾಯಂದಿರಿಗೆ, ಹೆಂಡಂದಿರಿಗೆ ನಾನು ಕಾಗದ ಬರೆದುಕೊಟ್ಟಿದ್ದೆ. ಒಳಗಿದ್ದ ಕಾಕಾನನ್ನು ಹೊರಗೆ ಕಳಿಸಬೇಕೆಂದು ಅವರ ಹಟ. ಮುದುಕ ಗಡಿಯಾಚೆಯವರಿಗೆ ಸುದ್ದಿ ಮುಟ್ಟಿಸುತ್ತಿದ್ದನೆಂದು ಯಾರೋ ಹಬ್ಬಿಸಿದ್ದರು. ಕುದುರೆಯ ಕಾಲು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯ ಅವರು.

ಸುಬೇದಾರರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕೈಯಲ್ಲಿ ಹೊಸ ಬೆತ್ತ.

“ಬಾಜೂಕ ಸರೀರಿ ಸಾಹೇಬ್ರ” ಎಂದ ನೇಕಾರ. “ನೀವು ಈಗ ಅಧ್ಯಕ್ಷರಲ್ಲ.”

“ಅಲ್ಲ” ಎಂದರು ಅವರು. “ಆದ್ರ ಒಳಗಿರಾಂವ ಸದಸ್ಯ. ನನ್ನ ಕಡದು ಹೋಗ್ರಿ.”

ಕಲ್ಲು ಬಂದು ಅವರ ಬಾಯಿಗೆ ಬಿತ್ತು. ರಕ್ತ ಉಗುಳಿ ಹಾಗೇ ನಿಂತರು. ಮೆಟ್ಟಿಲು ಹತ್ತಿದ ಮೊದಲಿನವನ ಕುತ್ತಿಗೆಗೆ ಬೆತ್ತದಿಂದ ಹೊಡೆದು ಕೆಡವಿದರು. ಎರಡನೆಯವನನ್ನೂ ಕೆಡವಿದರು. ನೇಕಾರ ಬಡಿಗೆ ಎತ್ತಿ ಅವರ ತಲೆಯ ಎಡಗಡೆಗೆ ಹೊಡೆದ. ತೆಂಗಿನಕಾಯಿ ಒಡೆದಂಥ ಸದ್ದು. ಮುದುಕರು ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಜಾರಿದರು. ನೇಕಾರ ಇನ್ನೊಮ್ಮೆ ಬಡಿಗೆ ಎತ್ತಿದ.

ಅಷ್ಟರಲ್ಲಿ ನಾನು ಹಿತ್ತಲಿಗೆ ಓಡಿ ಕುದಿಯುವ ಅಂಬಲಿಯ ತಪೇಲಿ ಎತ್ತಿಕೊಂಡು ಬಾಗಿಲಿಗೆ ಬಂದಿದ್ದೆ. ನನ್ನ ಅಂಗೈ ಸುಡುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಅದನ್ನು ನೇರವಾಗಿ ಅವನ ಮುಖಕ್ಕೆ ಎಸೆದೆ. ನೀರಾಗಿದ್ದರೆ ಜಾರಿ ಹೋಗುತ್ತಿತ್ತು, ಅಂಬಲಿ ಅಂಟಿಕೊಂಡಿತು. ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ, ಉಜ್ಜಿದಲ್ಲಿ ಚರ್ಮ ಕಿತ್ತು ಬಂತು. ಅವನ ಕೂಗಿಗೆ ಗುಂಪು ಒಂದು ಗಳಿಗೆ ಹಿಂದೆ ಸರಿಯಿತು.

ಆ ಗಳಿಗೆಯಲ್ಲೇ ನಾಲಬಂದ ಕಾಕಾ ನನ್ನ ಪಕ್ಕದಿಂದ ಹೊರಗೆ ನುಸುಳಿದರು. ನಾನು ಅವರ ಅಂಗಿ ಹಿಡಿದೆ, ಅದು ಹರಿದು ನನ್ನ ಕೈಯಲ್ಲಿ ಉಳಿಯಿತು. ಅವರು ನೆಲಕ್ಕೆ ಕುಳಿತು ಗೆಳೆಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸುತ್ತ ನಿಂತವರನ್ನು ನೋಡಿ, “ಸಾಕು ಬಿಡ್ರಪಾ, ಮುದುಕ ಅದಾನ” ಎಂದರು. ತಮ್ಮ ಸಲುವಾಗಿ ಕೇಳಲಿಲ್ಲ. ಹಿಂದಿನಿಂದ ಪೇಟೆಯ ಒಬ್ಬ ಅವರ ಕುತ್ತಿಗೆಗೆ ಕೊಡಲಿ ಇಳಿಸಿದ. ನಮ್ಮ ಸದಸ್ಯನಲ್ಲ, ನಾನು ಎಂದೂ ನೋಡಿರದ ಮನುಷ್ಯ. ಕಾಕಾ ಗೆಳೆಯನ ಮೇಲೆಯೇ ಬಿದ್ದರು.

ಗಾಯಗೊಂಡವರನ್ನು ದವಾಖಾನೆಗೆ ಬಿಡಲು ಹೋಗಿದ್ದ ಮುಂಡರಗಿಯವನು ಆಗ ಟಾಂಗಾದಿಂದ ಇಳಿದ. ಕಂಡದ್ದನ್ನು ಕಂಡ. ಕಟ್ಟೆಯ ಪಕ್ಕ ಬಿದ್ದಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ಗುಂಪಿನೊಳಗೆ ಹೊಕ್ಕ. ಗಡಿಯಲ್ಲಿ ತಾನೇ ಕಲಿಸಿ ತಯಾರು ಮಾಡಿದ್ದ ಹುಡುಗರ ಕೈಕಾಲುಗಳನ್ನು ತಾನೇ ಮುರಿದ. ಕೊಡಲಿಯವನ ಭುಜ ಪುಡಿಯಾಯಿತು. ಉಳಿದವರು ಓಡಿದರು. ಪೊಲೀಸರು ಬರುವ ಹೊತ್ತಿಗೆ ಅವನು ಹಾರೆ ಊರಿಕೊಂಡು ಸುಬೇದಾರರ ಪಕ್ಕ ನಿಂತಿದ್ದ, ಮೈಯೆಲ್ಲ ರಕ್ತದಿಂದ ಒದ್ದೆ. ನಾನೂ ಕಾಕಾನ ಸೊಸೆಯೂ ಕೂಡಿ ಕಾಕಾನ ದೇಹವನ್ನು ಒಳಗೆ ತಂದೆವು. ಆಕೆ ಅಳಲಿಲ್ಲ. ಮಕ್ಕಳ ಕಣ್ಣು ಮುಚ್ಚು ಎಂದು ನನಗೆ ಹೇಳಿದಳು, ಅಷ್ಟೇ.

ಧಾರವಾಡದ ಕೋರ್ಟಿನಲ್ಲಿ ನಾನೂ ಆಕೆಯೂ ಸಾಕ್ಷಿ ಹೇಳಿದೆವು. ಹೇಳಬೇಡಿರೆಂದು ಅದಕ್ಕೂ ಮೊದಲು ಕೊಡಲಿಯವನ ಕಡೆಯ ಗುಂಪು ಸೋದರತ್ತೆಯ ಬಾಗಿಲಿಗೆ ಬೆಂಕಿ ಇಟ್ಟಿತು. ನನ್ನ ಮೈದುನನೂ ಆ ಗುಂಪಿನ ಕೂಡ ಬಂದು, ಮುರಿದ ಕೈ ನೆಟ್ಟಗಾಗದಿದ್ದರೂ, ಕಲ್ಲು ಎಸೆದ. ನಾನು ಈಳಿಗೆಮಣೆ ಹಿಡಿದು ಹೊಸ್ತಿಲಲ್ಲಿ ನಿಂತೆ. ಈ ಸಲ ಬಂದರೆ ಕಡಿಯುವವಳೇ ಇದ್ದೆ. ಅದು ನನ್ನ ಮುಖದಲ್ಲಿ ಕಂಡಿರಬೇಕು, ಅವನು ಹತ್ತಿರ ಬರಲಿಲ್ಲ. ಕೊಡಲಿಯವನಿಗೆ ಜನ್ಮಠೇಪು, ಅಂದರೆ ಜೀವಾವಧಿ ಶಿಕ್ಷೆ ಆಯಿತು. ನೇಕಾರನಿಗೆ ಕೆಲವು ವರ್ಷಗಳ ಶಿಕ್ಷೆ. ಕೋರ್ಟಿನಲ್ಲಿ ನಾನು ಅವನ ಕಡೆ ಬೆರಳು ತೋರಿಸಿದಾಗ ಅವನು ತಲೆ ತಗ್ಗಿಸಲಿಲ್ಲ. ಒಂದು ಕಣ್ಣು ಹೋಗಿತ್ತು. ಉಳಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ.

ಸುಬೇದಾರರು ಉಳಿದರು. ಮಾತು ಹೋಯಿತು, ಬಲಗಡೆಯ ಕೈಕಾಲು ಹೋದವು. ಸಂಘದ ಹಿಂದಿನ ಕೋಣೆಯಲ್ಲಿ ಅವರನ್ನು ಮಲಗಿಸಿದ್ದೆವು. ಕಾಕಾನ ಸೊಸೆ ಲಕ್ಷ್ಮೇಶ್ವರಕ್ಕೆ ಮರಳಲಿಲ್ಲ. ಅಲ್ಲೇ ಪಕ್ಕದ ಕೋಣೆಯಲ್ಲಿ ಉಳಿದು ಅವರಿಗೆ ಉಣಿಸುತ್ತಿದ್ದಳು. ಹೆಂಗಸರನ್ನು ಮೆಟ್ಟಿಲು ಹತ್ತಗೊಡದಿದ್ದ ಮುದುಕರು ಆಕೆ ಬರುವುದು ತಡವಾದರೆ ಎಡಗೈಯಿಂದ ಗೋಡೆ ಬಡಿಯುತ್ತಿದ್ದರು. ನಾಲ್ಕು ವರ್ಷ ಹಾಗಿದ್ದು ಸತ್ತರು. ಅವರ ಹೆಣಕ್ಕೆ ಮುಂಡರಗಿಯವನು ಹೆಗಲು ಕೊಟ್ಟ. ಅವನೇ ಆಗ ಅಧ್ಯಕ್ಷ, ನಾನು ಕಾರ್ಯದರ್ಶಿ. ಶಾಲೆ ಶುರುವಾಗಿತ್ತು.

ಕರ್ನಾಟಕ ಒಂದಾದ ವರ್ಷ ಮೊಗಲಾಯಿಯ ಕಡೆಯ ಸಿಪಾಯಿಗಳನ್ನೂ ಸೇರಿಸಿಕೊಳ್ಳುವ ತೀರ್ಮಾನಕ್ಕೆ ಸಭೆ ಕರೆದಿದ್ದೆವು. ಅದು ಯಾರ ತಕರಾರೂ ಇಲ್ಲದೆ ಮುಗಿಯಿತು. ಆಮೇಲೆ ನೇಕಾರನ ಅರ್ಜಿ ಬಂತು. ಅವನು ಬಿಡುಗಡೆಯಾಗಿ ಬಂದಿದ್ದ, ಮತ್ತೆ ಸದಸ್ಯನಾಗಲು ಕೇಳಿದ್ದ. ಬಾಗಿಲ ಹತ್ತಿರವೇ ನಿಂತಿದ್ದ. ಅರ್ಧ ಮುಖ ಬೆಂದು ಮೇಣದಂತೆ ಇಳಿದಿತ್ತು. ಕಟ್ಟಳೆಗಳನ್ನು ಬದಲಿಸಿ ನನ್ನನ್ನು ಒಳಗೆ ಕರೆದವನು ಅವನೇ ಎಂಬುದು ನನಗೆ ನೆನಪಿತ್ತು. ನಾನು ವಿರುದ್ಧವಾಗಿ ಕೈ ಎತ್ತಿದೆ. ಅವನ ತಂಗಿಗಾಗಿ ಅವನ ಜೊತೆ ಅತ್ತದ್ದೂ ನೆನಪಿತ್ತು. ಆದರೂ ಕೈ ಇಳಿಸಲಿಲ್ಲ.

ಎಲ್ಲರೂ ಕಾಕಾನ ಸೊಸೆಯ ಕಡೆ ನೋಡಿದರು. ಆಕೆ ಸಭೆಗಳಲ್ಲಿ ಎಂದೂ ಮಾತಾಡಿದವಳಲ್ಲ. ಎದ್ದು ನಿಂತಳು.

“ಅಂವನ್ನ ನಾ ದಿನಾ ನೋಡಾಕ ಆಗಂಗಿಲ್ಲ” ಎಂದಳು. “ಸದಸ್ಯ ಮಾಡಬ್ಯಾಡ್ರಿ. ಅಂವನ ಮಕ್ಕಳ್ನ ಸಾಲಿಗೆ ಕಳಸಾಕ ಹೇಳ್ರಿ.”

ಅರ್ಜಿ ಬಿದ್ದುಹೋಯಿತು. ಎರಡನೆಯ ಮಾತಿಗೆ ಯಾರೂ ಇಲ್ಲ ಅನ್ನಲಿಲ್ಲ. ನೇಕಾರ ಮೆಟ್ಟಿಲಿಳಿದು ಹೋದ.

ಮುಂದಿನ ವಾರ ಅವನ ಮಗಳು ಪಾಟಿ ಬಳಪ ಹಿಡಿದು ಶಾಲೆಗೆ ಬಂದಳು. ಅವನು ಸಂಘದ ಕಟ್ಟಡ ಕಾಣದ ಹುಣಸೆಮರದ ತಿರುವಿನವರೆಗೆ ತಂದು ಬಿಟ್ಟು ಹೋಗುತ್ತಿದ್ದ. ಮೊದಮೊದಲು ಹುಡುಗಿ ಯಾರ ಕೂಡವೂ ಮಾತಾಡುತ್ತಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಎಷ್ಟು ಗದ್ದಲ ಹಾಕತೊಡಗಿದಳೆಂದರೆ, ನಾನೇ ಬೈದು ಮೂಲೆಗೆ ಕೂರಿಸಿದ್ದುಂಟು.